ಉಳಿದ ಮೂವತ್ತಾರು ನಿಮಿಷ

ಫೋನು ಬಂದಾಗ ಅವನು ಟೀ ಲೋಟ ಮೇಜಿನ ಮೇಲೆ ಬಿಟ್ಟುಹೋದ ದುಂಡನೆಯ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಕಲೆ ಹೋಗುವಂಥದ್ದಲ್ಲ, ವರ್ಷಗಳದ್ದು. ಆದರೂ ದಿನಾ ಬೆಳಿಗ್ಗೆ ಒಂದಿಷ್ಟು ಹೊತ್ತು ಅದನ್ನು ಉಜ್ಜದೆ ಅವನ ಕೆಲಸ ಶುರುವಾಗುತ್ತಿರಲಿಲ್ಲ. ಧ್ವನಿ ಗ್ರಂಥಾಲಯದ ಯಂತ್ರದ ಕೋಣೆ ಅದು. ಕಣ್ಣು ಕಾಣದವರಿಗಾಗಿ ಓದಿ ಧ್ವನಿಮುದ್ರಿಸಿದ ನಾಲ್ಕು ಸಾವಿರ ಚಿಲ್ಲರೆ ಪುಸ್ತಕಗಳು ಅಲ್ಲಿ ಎರಡು ಕಪ್ಪು ಪೆಟ್ಟಿಗೆಗಳೊಳಗೆ ಗುಂಯ್‌ಗುಡುತ್ತ ಕೂತಿದ್ದವು. ಆ ಗುಂಯ್‌ಕಾರ ಇಪ್ಪತ್ತು ವರ್ಷಗಳಿಂದ ಕಿವಿಯಲ್ಲಿ ಮನೆಮಾಡಿದ್ದರಿಂದ ಫೋನು ಮೂರನೆಯ ಸಲ ಹೊಡೆದುಕೊಂಡ ಮೇಲೆಯೇ ಅವನಿಗೆ ಕೇಳಿಸಿತು.

"ಹಲೋ, ನಾನಪ್ಪಾ, ಆಪರೇಟರು."

ದನಿ ಕೇಳಿದ ಕೂಡಲೇ ಅವನ ಹೆಬ್ಬೆರಳು ಕಲೆಯ ಮೇಲೆ ನಿಂತಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ, ಹುಟ್ಟಿನಿಂದಲೇ ಕಣ್ಣು ಕಾಣದ ಮನುಷ್ಯ. ಅಕ್ಕ ಓದಿದ ಪುಸ್ತಕ ಹೊರಬಂದಾಗಲೆಲ್ಲ ಮೊದಲು ತರಿಸಿಕೊಳ್ಳುತ್ತಿದ್ದವರು ಅವರೇ.

"ಹತ್ತನೇ ಅಧ್ಯಾಯ ಕೇಳ್ತಿದ್ದೆ. ನಿಮ್ಮಕ್ಕ ಓದಿರೋದು, ದೋಣಿ ನಡೆಸೋಳ ಕಾದಂಬರಿ. ಎರಡು ನಿಮಿಷ ಓದಿ ಸುಮ್ಮನಾಗಿಬಿಟ್ರು."

"ಸುಮ್ಮನಾದ್ರಾ?"

"'ಅವಳು ದಡದ ಕಡೆ ತಿರುಗಿ' ಅಂದ್ರು, ಅಷ್ಟೇ. ಪಾಪ, ಉಸಿರು ತಗೋತಿರಬಹುದು ಅಂದ್ಕೊಂಡೆ. ಆಪರೇಷನ್‌ಗೆ ಮುಂಚೆ ಓದಿದ್ದಲ್ವಾ, ಗಂಟಲು ನೋಯ್ತಿರುತ್ತೆ. ಕಾಯ್ತಾ ಕೂತೆ. ಗುಂಡಿ ಒತ್ತಿದ್ರೆ ಪ್ಲೇಯರು ಹೇಳುತ್ತೆ, ಇನ್ನೂ ಮೂವತ್ತು ನಿಮಿಷ ಇದೆ, ಇನ್ನೂ ಇಪ್ಪತ್ತಿದೆ ಅಂತ. ಜೀವಮಾನವಿಡೀ ಜನಕ್ಕೆ 'ಲೈನಲ್ಲೇ ಇರಿ' ಅಂತ ಹೇಳ್ಕೊಂಡು ಬಂದೋನು ನಾನು. ನಾನೂ ಲೈನಲ್ಲೇ ಇದ್ದೆ."

"ಪೂರ್ತಿ?"

"ಪೂರ್ತಿ. ಅದೇ ವಿಚಿತ್ರ ನೋಡಿ. ಮನುಷ್ಯರು ಸುಮ್ಮನಿದ್ರೆ ಅದಕ್ಕೊಂದು ಸದ್ದಿರುತ್ತೆ. ಲೈನು ಸತ್ತಿದ್ರೆ ಅದಕ್ಕೆ ಇನ್ನೊಂದು. ಇದು ಎರಡೂ ಅಲ್ಲ. ಇಂಥದ್ದನ್ನ ನಾನು ಕೇಳೇ ಇಲ್ಲ."

"ನೋಡ್ತೀನಿ ಸರ್," ಅಂದ ಅವನು. ಅವರು ಇನ್ನೇನೋ ಹೇಳುವವರಿದ್ದರು, ಅಕ್ಕನ ಆರೋಗ್ಯ ಹೇಗಿದೆ ಎಂದು ಕೇಳುವವರೇ ಇರಬೇಕು. ಅಷ್ಟರಲ್ಲಿ ರಿಸೀವರನ್ನು ಇಟ್ಟುಬಿಟ್ಟಿದ್ದ.

ಹತ್ತು, ಹನ್ನೊಂದು, ಹನ್ನೆರಡು. ಮೂರು ಅಧ್ಯಾಯ. ಅಕ್ಕನ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕುವ ದಿನ ಗೊತ್ತಾದ ಮೇಲೆ, ಆ ದಿನಕ್ಕೆ ಮುಂಚಿನ ವಾರದಲ್ಲಿ, ಗಂಟೆಗೊಮ್ಮೆ ಬಿಸಿನೀರು ಕುಡಿಯುತ್ತ, ನಡುನಡುವೆ ಎದ್ದುಹೋಗಿ ಬೇಸಿನ್ನಿಗೆ ಉಗುಳುತ್ತ ಅವಳು ಓದಿ ಮುಗಿಸಿದ್ದವು. ಅವಳ ದನಿಯಲ್ಲಿ ಉಳಿದಿದ್ದ ಕೊನೆಯ ಎರಡು ಗಂಟೆ. ಹಾಗೆ ಓದಿದ್ದನ್ನು ಯಾರಾದರೂ ಕೂತು ಕೇಳಬೇಕು, ಕೆಮ್ಮು ಕತ್ತರಿಸಬೇಕು, ತಪ್ಪಿ ಎರಡು ಸಲ ಓದಿದ ಸಾಲನ್ನು ಒಂದು ಮಾಡಬೇಕು, ಆಮೇಲೆ ಅದು ಕಪಾಟಿಗೆ, ಎಂದರೆ ಕೇಳುಗರಿಗೆ ಸಿಗುವ ಪಟ್ಟಿಗೆ, ಹೋಗಬೇಕು. ಆ ಯಾರಾದರೂ ಅಂದರೆ ಅವನೇ. ಮಿಕ್ಕ ಓದುಗರ ಕೆಲಸವನ್ನು ಎರಡು ದಿನದಲ್ಲಿ ಮುಗಿಸುವವನು ಅಕ್ಕನ ಮೂರು ಅಧ್ಯಾಯಗಳನ್ನು 'ಬಾಕಿ' ಎಂಬ ಫೋಲ್ಡರಿನಲ್ಲಿ ಹನ್ನೊಂದು ತಿಂಗಳು ಹಾಗೇ ಬಿಟ್ಟಿದ್ದ. ದಿನಾ ಬೆಳಿಗ್ಗೆ ಇವತ್ತು ಮಾಡಬೇಕು ಅಂದುಕೊಳ್ಳುತ್ತಿದ್ದ. ಒಂದು ದಿನ ಹೆಡ್‌ಫೋನನ್ನು ಕಿವಿಗೂ ಹಾಕಿಕೊಂಡಿದ್ದ. ಮೊದಲ ಪದಕ್ಕೆ ಮುಂಚೆ ಅಕ್ಕ ಉಸಿರು ಎಳೆದುಕೊಂಡ ಸದ್ದು ಬಂತು. ಅಷ್ಟು ಕೇಳಿ ತೆಗೆದಿಟ್ಟು, ಕಾರಿಡಾರಿನ ತುದಿಯ ಕಿಟಕಿಯ ಹತ್ತಿರ ಹೋಗಿ ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಯಾರೋ ಬೆಡ್‌ಶೀಟು ಕೊಡವುತ್ತಿದ್ದುದನ್ನು ನೋಡುತ್ತ ನಿಂತಿದ್ದ. ಬಾಕಿ ಫೋಲ್ಡರಿನಲ್ಲಿರುವುದಕ್ಕೆ ಬೇರೆ ಪ್ರತಿ ಇರುವುದಿಲ್ಲ. ಪ್ರತಿ ಮಾಡುವುದು ಕಪಾಟಿಗೆ ಹೋದದ್ದನ್ನು ಮಾತ್ರ. ಆ ನಿಯಮ ಮಾಡಿದವನೂ ಅವನೇ.

ಮೂರು ವಾರದ ಹಿಂದೆ ಡಿಸ್ಕು ತುಂಬಿಹೋಗಿತ್ತು. ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ದಿನಚರಿಗಳಿವೆಯಲ್ಲ, ಅವು ಯಾರೂ ನೋಡದೆ ಊದಿಕೊಂಡು ಕೂತಿದ್ದವು. ಪೂರ್ತಿ ಅಳಿಸುವಂತಿಲ್ಲ, ತಲೆಯ ಭಾಗ ಉಳಿಯಲೇಬೇಕು. ಅದಕ್ಕೊಂದು ಕಮಾಂಡು ಇದೆ, ಟ್ರಂಕೇಟ್. ಫೈಲು ಇಷ್ಟೇ ದೊಡ್ಡದಿರಲಿ ಎಂದರೆ ಅಷ್ಟೇ ಆಗುತ್ತದೆ. ಯಾಕೆ ಅನ್ನುವುದಿಲ್ಲ, ಖಂಡಿತವಾ ಎಂದು ಇನ್ನೊಂದು ಸಲ ಕೇಳುವುದಿಲ್ಲ, ಮುಗಿಯಿತು ಎಂದೂ ಹೇಳುವುದಿಲ್ಲ. ಅವನಿಗೆ ಅದು ಇಷ್ಟವಾಗುತ್ತಿದ್ದುದೇ ಅದಕ್ಕೆ. ಮಾತಾಡದ ಕಮಾಂಡು. ಚಿಕ್ಕಂದಿನಲ್ಲಿ ನಾಲ್ಕು ವರ್ಷದವರೆಗೆ ಬಾಯಿಬಿಡದೆ ಮೂಲೆಯಲ್ಲಿ ಕೂತಿರುತ್ತಿದ್ದ ಅವನಿಗೆ ಅಕ್ಕ ಗುಮ್ಮ ಎಂದು ಹೆಸರಿಟ್ಟಿದ್ದಳು; ನಲವತ್ತೇಳಾದ ಮೇಲೂ ಮನೆಯಲ್ಲಿ ಅವನು ಗುಮ್ಮನೇ. ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳು ತೆರೆದಿದ್ದವು. ಒಂದು ದಿನಚರಿಗಳ ಫೋಲ್ಡರಿನಲ್ಲಿ. ಇನ್ನೊಂದು, ಅಕ್ಕನ ಮೂರು ಅಧ್ಯಾಯ ಎಷ್ಟು ಜಾಗ ತಿಂದಿವೆ ನೋಡೋಣವೆಂದು ಅವನೇ ತೆರೆದದ್ದು, ಬಾಕಿಯಲ್ಲಿ. ಕಮಾಂಡು ಬರೆದ: ಹತ್ತು ಎಂಬಿಗಿಂತ ದೊಡ್ಡದಿರುವ ಪ್ರತಿಯೊಂದನ್ನೂ ಹತ್ತಕ್ಕೆ ಇಳಿಸು. ಪ್ರತಿಯೊಂದು ಅನ್ನುವುದಕ್ಕೆ ಒಂದು ನಕ್ಷತ್ರದ ಗುರುತು. ಒತ್ತಿದ. ಟೀ ಕುಡಿದ. ಡಿಸ್ಕಿನಲ್ಲಿ ಜಾಗ ಯಾಕೆ ಇಷ್ಟು ಕಡಿಮೆ ಬಿಡುಗಡೆಯಾಯಿತು ಎಂದು ಕತ್ತೆತ್ತಿ ನೋಡಿದಾಗ ಗೊತ್ತಾಯಿತು, ತಾನು ಒತ್ತಿದ್ದು ಬಾಕಿಯ ಕಿಟಕಿಯಲ್ಲಿ ಎಂದು.

ಇನ್ನೂರು ಎಂಬಿಯ ಒಂದೊಂದು ಅಧ್ಯಾಯವೂ ಹತ್ತು ಎಂಬಿಗೆ ಇಳಿದಿತ್ತು. ಹತ್ತು ಎಂಬಿಗೆ ಎರಡು ನಿಮಿಷ, ಒಂದು ಸೆಕೆಂಡು ಕಡಿಮೆ. ಬೆರಳು ನಿಲ್ಲಲಿಲ್ಲ. ಆ ಬೆರಳುಗಳು ಮಾಡಿದ ಎರಡನೆಯ ಕೆಲಸವನ್ನು ಅವನು ಯಾರಿಗೂ ವಿವರಿಸಲಾರ. ಮೂರು ಫೈಲಿನ ಹಳೆಯ ಗಾತ್ರ ಕಮಾಂಡಿನ ಮೇಲಿನ ಸಾಲುಗಳಲ್ಲಿ ಇನ್ನೂ ಕಾಣುತ್ತಿತ್ತು, ಒಂದಂಕಿಯೂ ಬಿಡದಂತೆ. ಅದೇ ಕಮಾಂಡಿಗೆ ಅದೇ ಗಾತ್ರ ಕೊಟ್ಟ. ಇಳಿಸುವ ಕಮಾಂಡು ಏರಿಸುತ್ತದೆ ಕೂಡ. ಫೈಲು ಮತ್ತೆ ಇನ್ನೂರು ಎಂಬಿಯಾಯಿತು. ಒಳಗೆ ಅಕ್ಕ ಇದ್ದ ಕಡೆಯೆಲ್ಲ ಸೊನ್ನೆ ತುಂಬಿಕೊಂಡಿತು, ಸದ್ದಿಲ್ಲದ ಸೊನ್ನೆ. ಹಾಗಾಗುತ್ತದೆಂದು ಅವನಿಗೆ ಗೊತ್ತಿತ್ತು. ಹೊಸಬರಿಗೆ ಪಾಠ ಹೇಳುವಾಗ ಸ್ವತಃ ಹೇಳಿಕೊಟ್ಟಿದ್ದ. ಗೊತ್ತಿದ್ದೂ ಪ್ಲೇ ಒತ್ತಿ ಕಿವಿಗೊಟ್ಟು ಕೂತಿದ್ದ, ತಪ್ಪಿಯಾದರೂ ಬಂದೀತೇನೋ ಎಂಬಂತೆ. ಕಳೆದದ್ದನ್ನು ಕೆದಕಿ ತೆಗೆಯುವ ಸಾಧನಗಳನ್ನೆಲ್ಲ ಮೂರು ದಿನ ಓಡಿಸಿದ. ಬಿಟ್ಟ ಜಾಗದಲ್ಲಿ ಆಗಲೇ ಬೇರೆ ಬರಹ ಬಂದು ಕೂತಿತ್ತು. ಸಿಕ್ಕಿದ್ದು ಮರಳು ಸುರಿದಂಥ ಸದ್ದು.

ಆಮೇಲಿನದು ತಾನೇ ತಾನಾಗಿ ಆದಂತೆ ಆಯಿತು. ನಿರ್ದೇಶಕಿ, ಎಲ್ಲರೂ ಮೇಡಂ ಎನ್ನುವವರು, ವರ್ಷಕ್ಕೊಮ್ಮೆ ಬಾಕಿಯನ್ನು ಗುಡಿಸುತ್ತಾರೆ. ರಿಜಿಸ್ಟರಿನಲ್ಲಿದ್ದ ಗಾತ್ರಕ್ಕೂ ಫೈಲಿನ ಗಾತ್ರಕ್ಕೂ ತಾಳೆ ನೋಡಿ, ಸರಿಯಾಗಿದೆಯಲ್ಲ, ಕೆಮ್ಮಿದ್ರೆ ಇರಲಿ ಬಿಡ್ರೀ, ಆಕೆ ದನಿಗೆ ಜನ ಕಾಯ್ತಿದ್ದಾರೆ ಎಂದು ಕಪಾಟಿಗೆ ಕಳಿಸಿಬಿಟ್ಟರು. ಆಗ ಅವನು ಅವರೆದುರೇ ನಿಂತಿದ್ದ. ಒಂದು ವಾಕ್ಯ ಹೇಳಬೇಕಿತ್ತು. "ಸರಿ ಮೇಡಂ" ಅಂದಿದ್ದ.

ಫೋನು ಬಂದ ಆ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೇಡಂ ಕರೆಸಿದರು. ಆಪರೇಟರು ಅವರಿಗೂ ಫೋನು ಮಾಡಿದ್ದರು.

"ಏನ್ರೀ ಅದು? ಹತ್ತನೇ ಅಧ್ಯಾಯ ಓಡ್ತಿಲ್ವಂತೆ?"

ಅವನು ಅವರ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಿದ್ದ. ಅದರೊಳಗೆ ಕೋಣೆಯೆಲ್ಲ ತಲೆಕೆಳಗಾಗಿತ್ತು, ತಾನೂ.

"ಗಾತ್ರ ಸರಿಯಿದೆ ಮೇಡಂ," ಅಂದ. ಅದು ನಿಜ. "ಅವರ ಪ್ಲೇಯರು ಹಳೇದು. ಅದರದ್ದೇ ಇರಬೇಕು."

ಮೇಡಂ ಅವನೆದುರೇ ಫೋನು ತಿರುಗಿಸಿದರು. ಮುದುಕರಿಗೆ, ಕಿವಿ ಮಂದವಾದವರಿಗೆ ಮಾತಾಡುವಂತೆ ಒಂದೊಂದು ಪದ ಬಿಡಿಸಿ, ನಿಮ್ಮ ಪ್ಲೇಯರ್ ಹಾಳಾಗಿದೆ, ನಮ್ಮ ಕಡೆ ಎಲ್ಲ ಸರಿಯಿದೆ ಎಂದರು. ಆಚೆ ಕಡೆಯ ದನಿ ಅವನಿಗೂ ಸಣ್ಣದಾಗಿ ಕೇಳಿಸುತ್ತಿತ್ತು: ಹನ್ನೊಂದನೇದೂ ಹಾಗೇ ಇದೆಯಮ್ಮಾ, ಆದ್ರೆ ಬೇರೆ ಪುಸ್ತಕ ಚೆನ್ನಾಗಿ ಓಡುತ್ತಲ್ಲಾ... ಮೇಡಂ ಕಣ್ಣು ಮೇಲಕ್ಕೆತ್ತಿ ಅವನ ಕಡೆ ನೋಡಿ ನಕ್ಕರು, ನೋಡಿದ್ರಾ ಇವರ ಕಾಟ ಎನ್ನುವ ಹಾಗೆ. ಅವನ ಮುಖವೂ ನಕ್ಕಿತು. ಮೂವತ್ತೊಂದು ವರ್ಷ ಕಿವಿಯನ್ನೇ ನಂಬಿ ದುಡಿದ ಮನುಷ್ಯನ ಕಿವಿಯ ಮೇಲೆ ಅನುಮಾನ ಹುಟ್ಟಿಸಲು ಅವರಿಬ್ಬರಿಗೆ ಎರಡು ನಿಮಿಷ ಸಾಕಾಯಿತು. ಕೊನೆಗೆ ಆಪರೇಟರು, "ಇರಬಹುದಮ್ಮಾ, ನನಗೂ ವಯಸ್ಸಾಯ್ತು," ಎಂದದ್ದು ಕೇಳಿಸಿತು.

"ಆಮೇಲೆ, ಮೂರು ಗಂಟೆಗೆ ಎಲ್ಲೂ ಹೋಗಬೇಡಿ," ಎಂದರು ಮೇಡಂ. "ನಿಮ್ಮಕ್ಕಂಗೆ ಬರೋಕೆ ಹೇಳಿದೀನಿ. ಆಪರೇಷನ್ ಆದ್ಮೇಲೆ ಒಂದ್ಸಲವೂ ಈ ಕಡೆ ಬಂದಿಲ್ಲ. ಪುಸ್ತಕ ಹೊರಗೆ ಬಂತು, ಅವರ ದನೀನ ಅವರೇ ಕೂತು ಕೇಳಲಿ. ನೀವೇ ಹಾಕಿಕೊಡಿ. ಖುಷಿಪಡ್ತಾರೆ."

ಊಟದ ಹೊತ್ತಿಗೆ ಅವನು ರಸ್ತೆಗಿಳಿದು ಗೊತ್ತುಗುರಿಯಿಲ್ಲದೆ ನಡೆದ. ಔಷಧಿ ಅಂಗಡಿ, ಬೀಗ ರಿಪೇರಿಯವನು, ಬಸ್ಸಿಗೆ ಕಾದವರ ಸಾಲು. ಎಲ್ಲರೂ ಮಾತಾಡುತ್ತಿದ್ದರು. ಬೀಗದವನು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಯಾರಿಗೋ ಬಯ್ಯುತ್ತಿದ್ದ. ಅಕ್ಕ ಹೀಗೇ, ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು ಜಡೆ ಹಾಕಿಕೊಳ್ಳುತ್ತ ಅವನಿಗೆ ಪಾಠ ಓದಿ ಹೇಳುತ್ತಿದ್ದಳು. ಅಮ್ಮ ಎರಡು ಪಾಳಿ ಕೆಲಸಕ್ಕೆ ಹೋಗುತ್ತಿದ್ದ ಕಾಲ. ಇವನು ಓದಲಾರ, ಅಕ್ಷರ ಕಂಡರೆ ಬೆವರುತ್ತಾನೆ. ಅವಳು ಓದುತ್ತಾಳೆ, ಇವನು ಕೇಳುತ್ತಾನೆ, ಕೇಳಿಯೇ ಪಾಸಾಗುತ್ತಾನೆ. ಮೇಷ್ಟರು ನಿಲ್ಲಿಸಿ ಪ್ರಶ್ನೆ ಕೇಳಿದಾಗ ಅವನ ತಲೆಯೊಳಗೆ ಉತ್ತರ ಅಕ್ಕನ ದನಿಯಲ್ಲೇ ಬರುತ್ತಿತ್ತು, ಹೇರ್‌ಪಿನ್ನಿನ ತೊದಲಿನ ಸಮೇತ. ಆಸ್ಪತ್ರೆಯಲ್ಲಿ ಎಚ್ಚರವಾದ ದಿನ ಅವಳು ಅವನನ್ನು ನೋಡಿ ಬಾಯಿ ತೆರೆದಿದ್ದಳು. ಏನೂ ಬರಲಿಲ್ಲ. ಕತ್ತಿನ ತೂತಿನಿಂದ ಗಾಳಿ ಮಾತ್ರ ಬಂತು. ಆಗ ಇವನು ಏನಾದರೂ ಹೇಳಬೇಕಿತ್ತು, ನೆಂಟರು, ನೆರೆಯವರು ಏನೇನೋ ಹೇಳಿದ ಹಾಗೆ. ಇವನು ಕಾಲ ಬಳಿಯ ಹೊದಿಕೆ ಸರಿಮಾಡಿ ಕೂತಿದ್ದ. ಹನ್ನೊಂದು ತಿಂಗಳಲ್ಲಿ ಪ್ರತಿ ಭಾನುವಾರ ಅವಳ ಮನೆಗೆ ಹೋಗಿ ಹಾಗೇ ಕೂತು ಬಂದಿದ್ದ. ಇಬ್ಬರಿಗೂ ಸೇರಿಸಿ ಅವಳೇ ಮಾತಾಡುತ್ತಿದ್ದುದರಿಂದ, ಈಗ ಆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ.

ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಅಕ್ಕ ಬಂದಳು. ಕತ್ತಿಗೆ ನೀಲಿ ಸ್ಕಾರ್ಫು. ಬಂದವಳು ರೆಕಾರ್ಡಿಂಗ್ ಕೋಣೆಯ ಬಾಗಿಲು ತೆಗೆದು ಒಳಗೆ ಇಣುಕಿ, ತನ್ನ ಕುರ್ಚಿಯ ಬೆನ್ನು ಮುಟ್ಟಿ, ಮುಚ್ಚಿದಳು. ಒಂದು ಗುಂಡಿ ಒತ್ತಿದರೆ ಬರೆದದ್ದೆಲ್ಲ ಅಳಿಸಿಹೋಗುವ ಪ್ಲಾಸ್ಟಿಕ್ ಸ್ಲೇಟು ಅವಳ ಚೀಲದಲ್ಲಿತ್ತು. ಕೇಳುವ ಕೋಣೆಗೆ ಬಂದು ಕೂತು ಅದನ್ನು ತೆಗೆದು ಬರೆದಳು: "ಹೆದರಿಕೆ ಆಗ್ತಿದೆ ಕಣೋ. ನನ್ನ ದನಿ ನನಗೇ ಮರೆತುಹೋಗಿದೆ."

ಹತ್ತನೆಯದನ್ನು ಹಾಕಿದ. ಹೆಡ್‌ಫೋನು ಬೇಡವೆಂದಳು; ಸ್ಪೀಕರಿನಿಂದಲೇ ಬರಲಿ. ಅಕ್ಕ ಉಸಿರೆಳೆದುಕೊಂಡಳು. ಸ್ಪೀಕರಿನೊಳಗಿನ ಅಕ್ಕ. ಆಮೇಲೆ ಓದತೊಡಗಿದಳು. ಒಡೆದ, ಒರಟಾದ, ಆದರೂ ಸಾಲಿನ ಕೊನೆಗೆ ಸ್ವಲ್ಪ ಮೇಲೇಳುವ ಅದೇ ದನಿ. ಕುರ್ಚಿಯಲ್ಲಿದ್ದ ಅಕ್ಕ ಕೈಯನ್ನು ಕತ್ತಿನ ಸ್ಕಾರ್ಫಿನ ಮೇಲಿಟ್ಟುಕೊಂಡಳು. ಅವಳ ಮುಖದಲ್ಲಿ ಅವನು ಹಿಂದೆಂದೂ ನೋಡದ ನಾಚಿಕೆ, ಕಳೆದುಹೋದ ಮಗುವನ್ನು ಬೇರೆಯವರ ಮನೆಯಲ್ಲಿ ಕಂಡವಳ ಹಾಗೆ. "ಅವಳು ದಡದ ಕಡೆ ತಿರುಗಿ," ಎಂದಿತು ಸ್ಪೀಕರು. ಅಷ್ಟೇ. ಅಕ್ಕ ಕಾದಳು. ಪರದೆಯ ಮೇಲೆ ಪಟ್ಟಿ ಸಾಗುತ್ತಲೇ ಇತ್ತು. ಅವನ ಕಡೆ ತಿರುಗಿ ಹುಬ್ಬೇರಿಸಿದಳು. ಅರ್ಧ ನಿಮಿಷ. ಒಂದು ನಿಮಿಷ.

"ಅಕ್ಕಾ, ಇಷ್ಟೇ ಇರೋದು."

ಸ್ಲೇಟಿನ ಮೇಲೆ: "ಅಂದ್ರೆ?"

"ಹೋಯ್ತು. ನಾನೇ ಕಳೆದೆ. ತಪ್ಪು ಜಾಗದಲ್ಲಿ ಕಮಾಂಡು ಹೊಡೆದೆ. ಗಾತ್ರ ಮಾತ್ರ ಸರಿಮಾಡಿಟ್ಟೆ, ಯಾರಿಗೂ ಗೊತ್ತಾಗಬಾರದು ಅಂತ."

"ಮೂರೂ?"

"ಮೂರೂ."

ಅವಳು ಬರೆದಳು, ಅಳಿಸಿದಳು. ಬರೆದಳು, ತೋರಿಸದೆ ಅಳಿಸಿದಳು. ಗುಂಡಿಯನ್ನು ಬೇಕೆಂದೇ ಮತ್ತೆ ಮತ್ತೆ ಒತ್ತಿದಳು, ಟಕ್ ಟಕ್ ಟಕ್. ಬೈಗುಳಕ್ಕೆ ಅವಳ ಹತ್ತಿರ ಉಳಿದಿದ್ದ ಸದ್ದು ಅದೊಂದೇ. ಕೊನೆಗೆ ಸ್ಲೇಟನ್ನು ಅವನ ಮುಖದ ಹತ್ತಿರ ಹಿಡಿದಳು.

"ಅಳಿಸಿಹೋಗೋಕೆ ಮುಂಚೆ ನೀನು ಕೇಳಿದ್ದೆ ತಾನೇ?"

ಈ ಪ್ರಶ್ನೆ ಬರಬಹುದೆಂದು ಅವನು ಎಣಿಸಿರಲಿಲ್ಲ. ಕಳೆದದ್ದಕ್ಕೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದ. ಇದಕ್ಕೆ ಮಾಡಿರಲಿಲ್ಲ.

"ಇಲ್ಲ."

"ಹನ್ನೊಂದು ತಿಂಗಳು ನಿನ್ನ ಹತ್ತಿರವೇ ಇತ್ತು."

"ಕೇಳೋಕಾಗಲಿಲ್ಲ ಅಕ್ಕಾ. ಆಗ್ಲೇ ಇಲ್ಲ."

ಅವಳು ಸ್ಲೇಟನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಸಣ್ಣ ಅಕ್ಷರದಲ್ಲಿ, ಸ್ಲೇಟು ತುಂಬ ಬರೆದಳು. ಓದಿನ ಕೊನೆಯ ದಿನ ಅವನನ್ನು ರೆಕಾರ್ಡಿಂಗ್ ಕೋಣೆಯಿಂದ ಹೊರಗೆ ಕಳಿಸಿದ್ದು ನಿಜಕ್ಕೂ ಬಿಸಿನೀರಿಗಲ್ಲ. ಹನ್ನೆರಡನೆಯ ಅಧ್ಯಾಯದೊಂದಿಗೆ ಪುಸ್ತಕ ಮುಗಿದ ಮೇಲೆ, ಮೈಕು ಆರಿಸುವ ಮುಂಚೆ, ಅವನಿಗೆ ನಾಲ್ಕು ಮಾತು ಹೇಳಿಟ್ಟಿದ್ದಳು. ಎದುರಿಗೆ ಹೇಳಿದರೆ ಅವನು ಎದ್ದುಹೋಗುತ್ತಾನೆ. ಕೆಮ್ಮು ಕತ್ತರಿಸುವಾಗ ಹೇಗೂ ಕೇಳುತ್ತಾನಲ್ಲ, ಒಬ್ಬನೇ ಇರುತ್ತಾನೆ, ಆಗ ಕೇಳಲಿ ಎಂದು. ಪ್ರತಿ ಭಾನುವಾರ ಅವನು ಬಂದು ಸುಮ್ಮನೆ ಕೂತಾಗ, ಕೇಳಿರಬೇಕು, ಅದಕ್ಕೇ ಸುಮ್ಮನಿದ್ದಾನೆ ಅಂದುಕೊಂಡಿದ್ದಳು. ಒಂದು ವಾರ ಅವನು ಹೋಗುವಾಗ ಬಾಗಿಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದನಂತೆ. ಅವತ್ತು ಕೇಳಿದ್ದಾನೆ ಎಂದು ಖಾತ್ರಿ ಮಾಡಿಕೊಂಡಿದ್ದಳಂತೆ.

ಅವನು ಎರಡು ಸಲ ಓದಿದ. ಅಕ್ಷರಗಳು ಚಿಕ್ಕಂದಿನ ಹಾಗೆ ಜಾಗ ಬಿಟ್ಟು ಓಡಾಡಿದವು.

"ಏನು ಹೇಳಿದ್ದೆ?" ಎಂದು ಕೇಳಿದ. "ಅಕ್ಕಾ, ಏನು ಹೇಳಿದ್ದೆ? ಬರಿ."

ಅವಳು ಕಡ್ಡಿಯನ್ನು ಸ್ಲೇಟಿಗೆ ತಾಗಿಸಿದಳು. ಒಂದು ಚುಕ್ಕೆ ಬಿತ್ತು. ಕಡ್ಡಿ ಹಾಗೇ ನಿಂತಿತು. ಆಮೇಲೆ ಬರೆದಳು: "ಬರೆಯೋ ಅಂಥದ್ದಲ್ಲ ಅದು." ಅಳಿಸಿ, ಅದರ ಮೇಲೆಯೇ: "ಮೇಡಂಗೆ ಹೇಳು. ಆ ಆಪರೇಟರಿಗೂ ಹೇಳು. ಇವತ್ತೇ." ಬೆಳಗಿನ ಫೋನಿನ ವಿಷಯ ಮೇಡಂ ಅವಳಿಗೆ ಬಾಗಿಲಲ್ಲೇ ನಗುತ್ತ ಹೇಳಿದ್ದರು.

ಆ ಎರಡನ್ನೂ ಅವನು ಐದು ಗಂಟೆಯೊಳಗೆ ಮಾಡಿದ. ಮೇಡಂ ಬಯ್ಯಲಿಲ್ಲ, ರಿಜಿಸ್ಟರನ್ನು ಅವನ ಕಡೆ ತಳ್ಳಿ, ಮೂರು ಸಾಲಿನ ಎದುರು ಅಳಿಸಿಹೋಗಿದೆ ಎಂದು ನಿಮ್ಮ ಕೈಯಾರೆ ಬರೆಯಿರಿ ಎಂದರು. ಆಪರೇಟರು ಮಾತ್ರ ಫೋನಿನಲ್ಲಿ ಅತ್ತರು, ಪ್ಲೇಯರು ಕೆಟ್ಟಿಲ್ಲವಲ್ಲ ಎಂದೋ, ಅದು ಕೆಟ್ಟಿದ್ದರೇ ಚೆನ್ನಾಗಿತ್ತು ಎಂದೋ ಅವನಿಗೆ ತಿಳಿಯಲಿಲ್ಲ. ಅದೆಲ್ಲ ಆಮೇಲಿನ ಮಾತು. ಅದಕ್ಕೆ ಮುಂಚೆ ಅಕ್ಕ, "ಹನ್ನೆರಡನೇದು ಹಾಕು," ಎಂದು ಬರೆದಳು.

"ಏನೂ ಇಲ್ಲ ಅಕ್ಕಾ ಅದರಲ್ಲಿ."

"ಹಾಕು."

ಹಾಕಿದ. ಮೂವತ್ತೆಂಟು ನಿಮಿಷ. ಎರಡು ನಿಮಿಷ ಅವಳು ಓದಿದಳು, ದೋಣಿಗೆ ಡಾಂಬರು ಬಳಿಯುವ ವಿವರ, ಒಂದು ಕಡೆ ತಡವರಿಸಿ ಕ್ಷಮಿಸಿ ಎಂದು ತಿದ್ದಿಕೊಂಡು ಮುಂದುವರಿದದ್ದು. ಆಮೇಲೆ ನಿಂತಿತು. ಅವನು ನಿಲ್ಲಿಸಲು ಕೈಚಾಚಿದ. ಅವಳು ಕೈ ಹಿಡಿದಳು, ಬಿಡಲಿಲ್ಲ. ಸ್ಪೀಕರಿನಿಂದ ಏನೂ ಬರುತ್ತಿರಲಿಲ್ಲ, ಉಸಿರಿಲ್ಲ, ಕುರ್ಚಿ ಕಿರುಗುಟ್ಟುವ ಸದ್ದಿಲ್ಲ. ಆಪರೇಟರು ಹೇಳಿದ್ದು ಸರಿ, ಇಂಥದ್ದನ್ನು ಅವನೂ ಕೇಳಿರಲಿಲ್ಲ. ಒಂದು ಸಲ ಮೇಡಂ ಬಾಗಿಲ ಗಾಜಿನಲ್ಲಿ ಇಣುಕಿದರು. ಅಕ್ಕ-ತಮ್ಮ ಇಬ್ಬರೂ ಕೈ ಹಿಡಿದು ಕೂತು ಕೇಳುತ್ತಿರುವುದನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು ತಾವೇ ತಮ್ಮನ್ನು ಸುಮ್ಮನಾಗಿಸಿಕೊಂಡು ಹೋದರು. ಹತ್ತು ನಿಮಿಷ. ಇಪ್ಪತ್ತು. ಅಕ್ಕ ಕಣ್ಣುಮುಚ್ಚಿದ್ದಳು, ಆಗಾಗ ಅವಳ ಹೆಬ್ಬೆರಳು ಅವನ ಕೈಯ ಮೇಲೆ ಸಣ್ಣಗೆ ಒತ್ತುತ್ತಿತ್ತು. ಪುಟ ತಿರುಗಿಸುವ ಜಾಗಗಳಿರಬೇಕು. ಎಲ್ಲ ಅವಳಿಗೆ ನೆನಪಿತ್ತು. ಅವನು ಪಟ್ಟಿಯನ್ನೇ ನೋಡುತ್ತಿದ್ದ, ಅದು ಮುಗಿಯುವ ಕಡೆಗೆ ಹೋಗುತ್ತಿರುವುದನ್ನು, ಹೋಗದಿರಲಿ ಎನ್ನುವಂತೆ.

ಒಂದು ನಿಮಿಷ ಉಳಿದಿದ್ದಾಗ ಅವಳು ಅವನ ಗದ್ದ ಹಿಡಿದು ಮುಖವನ್ನು ಪರದೆಯಿಂದ ತನ್ನ ಕಡೆಗೆ ತಿರುಗಿಸಿದಳು. ಅವಳ ತುಟಿಗಳು ಅಲುಗಿದವು. ಮೊದಲ ಪದಕ್ಕೆ ಎರಡೂ ತುಟಿ ಸೇರಿ ಬಿಟ್ಟವು, ಅದು ಗುಮ್ಮ ಇರಬೇಕು. ಮುಂದಿನದು ಬೇಗ ಬೇಗ, ಆಮೇಲೆ ನಿಧಾನ. ಒಂದು ಕಡೆ ಅವಳು ನಕ್ಕಳು, ಒಂದು ಕಡೆ ನಿಲ್ಲಿಸಿ, ಮತ್ತೆ ಅದೇ ಪದವನ್ನು ಒತ್ತಿ ಹೇಳಿದಳು. ಅವನು ಕಣ್ಣು ಮಿಟುಕಿಸದೆ ನೋಡಿದ. ಅಷ್ಟು ಹತ್ತಿರದಿಂದ ಅವನು ಯಾರ ಬಾಯನ್ನೂ ನೋಡಿರಲಿಲ್ಲ. ಮಿಕ್ಕದ್ದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ.

ಪಟ್ಟಿ ಮುಗಿಯಿತು. ಅವಳ ತುಟಿಗಳೂ ನಿಂತವು. ಗದ್ದ ಬಿಡದೆ, ಗೊತ್ತಾಯಿತಾ ಎನ್ನುವಂತೆ ಹುಬ್ಬೆತ್ತಿದಳು.

ಅವನು ತಲೆಯಾಡಿಸಿದ, ಹೂಂ ಎಂದು.

ಅವಳು ಅವನ ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದಳು. ಆಮೇಲೆ ತಾನೂ ತಲೆಯಾಡಿಸಿ, ಗದ್ದದಿಂದ ಕೈ ತೆಗೆದಳು.